ನೆಕ್‌ನಿಂದ ಆರಂಭಿಸಿ: ಹೊಸ ಬೇಸ್ ಗಿಟಾರ್ ಕೊಳ್ಳುವವರಿಗೆ ಒಂದು ಮಾರ್ಗದರ್ಶಿ

ಬೇಸ್ ಗಿಟಾರ್ ಕೊಳ್ಳಲು ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೊದಲು ಬಣ್ಣ ನೋಡುತ್ತಾರೆ, ಅನಂತರ ಹೆಡ್‌ಸ್ಟಾಕ್ ಎಂಬ ತುದಿಭಾಗದ ಮೇಲಿನ ಕಂಪನಿಯ ಹೆಸರು ನೋಡುತ್ತಾರೆ, ಕೊನೆಗೆ ಆಂಪ್‌ಗೆ (ಧ್ವನಿವರ್ಧಕಕ್ಕೆ) ಜೋಡಿಸಿ ಎರಡು ನಿಮಿಷ ನುಡಿಸಿ ದರ ಕೇಳುತ್ತಾರೆ. ನೆಕ್ (ತಂತಿಗಳ ಕೆಳಗಿನ ಉದ್ದನೆಯ ಕತ್ತು) ನೇರವಾಗಿದೆಯೇ, ಅದರ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್‌ಗಳು ಒಂದೇ ಮಟ್ಟದಲ್ಲಿ ಕುಳಿತಿವೆಯೇ ಎಂದು ಪರೀಕ್ಷಿಸುವವರು ವಿರಳ. ಈ ಕ್ರಮವನ್ನು ತಲೆಕೆಳಗು ಮಾಡಿಕೊಳ್ಳಬೇಕು. ತಂತಿ ಹಳತಾದರೆ ಬದಲಿಸಬಹುದು, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಹಿಡಿಸದಿದ್ದರೆ ಬೇರೆಯದನ್ನು ಹಾಕಿಸಬಹುದು, ಕರಕರ ಎನ್ನುವ ವಾಲ್ಯೂಮ್ ಪಾಟನ್ನು (ಸದ್ದು ಏರಿಸಿ ಇಳಿಸುವ ಗುಂಡಿಯ ಒಳಭಾಗವನ್ನು) ಆಂಪ್ಲಿಫೈಯರ್ ರಿಪೇರಿ ಮಾಡುವವರೇ ಬದಲಿಸಿ ಕೊಡುತ್ತಾರೆ. ತಿರುಚಿದ ನೆಕ್ಕನ್ನು ಸರಿಪಡಿಸಬಲ್ಲವರು ಮಾತ್ರ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಸುಲಭಕ್ಕೆ ಸಿಗುವುದಿಲ್ಲ. ಪುಣೆಗೋ ಬೆಂಗಳೂರಿಗೋ ಹೊತ್ತೊಯ್ದು ಮಾಡಿಸಿದರೂ ಅಗ್ಗದ ವಾದ್ಯವೊಂದರ ಮಟ್ಟಿಗೆ ಆ ಖರ್ಚು ಹೊಂದುವುದಿಲ್ಲ. ಆದ್ದರಿಂದ ಮುಂದೆ ಸರಿಪಡಿಸಲಾಗದ ದೋಷಗಳನ್ನು ಮೊದಲು ಹುಡುಕಬೇಕು, ಸರಿಪಡಿಸಬಹುದಾದವುಗಳನ್ನು ಆಮೇಲೆ ನೋಡಬೇಕು. ಈ ಲೇಖನದ ಹೆಜ್ಜೆಗಳೆಲ್ಲ ಅದೇ ಕ್ರಮವನ್ನು ಅನುಸರಿಸಿವೆ.

ಹೊರಡುವ ಮುನ್ನ: ಎಷ್ಟು ತಂತಿ, ಯಾವ ಮಾದರಿ

ನಾಲ್ಕು ತಂತಿಯ ಬೇಸ್ ಬೇಕೋ ಐದು ತಂತಿಯದೋ ಎಂಬ ಪ್ರಶ್ನೆಯನ್ನು ಅಂಗಡಿಯಲ್ಲಿ ನಿಂತು ನಿರ್ಧರಿಸಬಾರದು. ನೀವು ಯಾರ ಜೊತೆ ನುಡಿಸುತ್ತೀರಿ, ಅವರು ಯಾವ ಪಟ್ಟಿಯಲ್ಲಿ (ಶ್ರುತಿಯಲ್ಲಿ) ಹಾಡುತ್ತಾರೆ ಎಂಬುದರ ಮೇಲೆ ಅದು ನಿರ್ಧಾರವಾಗಬೇಕು. ನಾಲ್ಕು ತಂತಿಯ ಬೇಸ್‌ನ ಅತಿ ದಪ್ಪ ತಂತಿಯನ್ನು ಇ ಸ್ವರಕ್ಕೆ, ಅಂದರೆ ಹಾರ್ಮೋನಿಯಂನವರು ಬಿಳಿ ಮೂರು ಎನ್ನುವ ಸ್ವರಕ್ಕೆ ಕೂಡಿಸಲಾಗುತ್ತದೆ. ಅದರ ಕಂಪನ ಸೆಕೆಂಡಿಗೆ ಸುಮಾರು 41. ಗಾಯಕರು ಕರಿ ಒಂದರಲ್ಲಿ ಹಾಡುವವರಾದರೆ ನಿಮಗೆ ಷಡ್ಜ ಎ ತಂತಿಯ (ದಪ್ಪದಿಂದ ತೆಳುವಿಗೆ ತಂತಿಗಳ ಹೆಸರು ಇ, ಎ, ಡಿ, ಜಿ) ನಾಲ್ಕನೆಯ ಫ್ರೆಟ್‌ನಲ್ಲಿಯೂ, ಅದರ ಕೆಳಗಿನ ಪಂಚಮ ಇ ತಂತಿಯ ನಾಲ್ಕನೆಯ ಫ್ರೆಟ್‌ನಲ್ಲಿಯೂ ದೊರೆಯುತ್ತವೆ. ಭಜನೆ, ಭಾವಗೀತೆ, ಹಳೆಯ ಚಿತ್ರಗೀತೆಗಳಿಗೆ ಇಷ್ಟು ಧಾರಾಳವಾಗಿ ಸಾಕು. ಆ ಷಡ್ಜಕ್ಕೂ ಒಂದು ಸಪ್ತಕ ಕೆಳಗೆ ಇಳಿಯಬೇಕೆಂದರೆ ಮಾತ್ರ ಐದನೆಯ ತಂತಿ ಅನಿವಾರ್ಯವಾಗುತ್ತದೆ, ಏಕೆಂದರೆ ನಾಲ್ಕು ತಂತಿಯ ವಾದ್ಯದಲ್ಲಿ ಆ ಸ್ವರವೇ ಇಲ್ಲ. ಚರ್ಚ್ ವಾದ್ಯವೃಂದಗಳಲ್ಲಿ ಮತ್ತು ಇತ್ತೀಚಿನ ಚಿತ್ರಗೀತೆಗಳನ್ನು ನುಡಿಸುವ ಆರ್ಕೆಸ್ಟ್ರಾಗಳಲ್ಲಿ ಈ ಬೇಡಿಕೆ ಇರುತ್ತದೆ. ಆದರೆ ಐದನೆಯ ತಂತಿಯ ಬಿ ಸ್ವರದ ಕಂಪನ 31ರ ಆಸುಪಾಸಿನದು. ಮನೆಯ ಸಣ್ಣ ಆಂಪ್ ಆಗಲಿ, ಗಣಪತಿ ಪೆಂಡಾಲಿನಲ್ಲಿ ಬಾಡಿಗೆಗೆ ತಂದ ಸಾಧಾರಣ ಸ್ಪೀಕರ್ ಆಗಲಿ ಅದನ್ನು ಸ್ಪಷ್ಟವಾಗಿ ಹೊರಡಿಸಲಾರದೆ ಬರೀ ಗುಂಯ್ ಎನ್ನುತ್ತವೆ. ಮೊದಲ ವಾದ್ಯವಾಗಿ ನಾಲ್ಕು ತಂತಿಯದನ್ನೇ ಕೊಳ್ಳುವುದು ಲೇಸೆಂದು ನನ್ನ ಖಚಿತ ಅಭಿಪ್ರಾಯ. ಒಂದೇ ಬೆಲೆಯ ಎರಡು ವಾದ್ಯಗಳಲ್ಲಿ ನಾಲ್ಕು ತಂತಿಯದು ಬಹುತೇಕ ಹೆಚ್ಚು ಅಚ್ಚುಕಟ್ಟಾಗಿರುತ್ತದೆ.

ಮಾದರಿಗಳ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇಂದು ಮಾರುಕಟ್ಟೆಯಲ್ಲಿರುವ ಬಹುಪಾಲು ಬೇಸ್‌ಗಳು ಲಿಯೋ ಫೆಂಡರ್ ಅವರ ಕಂಪನಿ ಅಮೆರಿಕದಲ್ಲಿ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್ ಅಥವಾ 1960ರಲ್ಲಿ ಹೊರತಂದ ಜಾಝ್ ಬೇಸ್‌ನ ಸಂತತಿಗೆ ಸೇರಿದವು. ಪ್ರಿಸಿಷನ್ ಮಾದರಿಯಲ್ಲಿ ಎರಡು ತುಂಡಾದ ಒಂದೇ ಪಿಕಪ್ ಇರುತ್ತದೆ. ಅದರ ನಾದ ಗಟ್ಟಿ, ತುಂಬು. ಜಾಝ್ ಮಾದರಿಯಲ್ಲಿ ಎರಡು ಪಿಕಪ್‌ಗಳಿದ್ದು, ನಟ್‌ನ (ಹೆಡ್‌ಸ್ಟಾಕ್ ಪಕ್ಕದ, ತಂತಿಗಳು ಕೂರುವ ಗೀರುಗಳಿರುವ ಪಟ್ಟಿಯ) ಬಳಿ ನೆಕ್ ಸುಮಾರು 38 ಮಿಲಿಮೀಟರಿನಷ್ಟು ಮಾತ್ರ ಅಗಲವಿರುವುದರಿಂದ ಚಿಕ್ಕ ಕೈಯವರಿಗೆ ಹಿಡಿತ ಹಗುರವೆನಿಸುತ್ತದೆ. ಎರಡರಲ್ಲೂ ನಟ್‌ನಿಂದ ಬ್ರಿಡ್ಜ್‌ವರೆಗಿನ (ಬಾಡಿಯ ಮೇಲೆ ತಂತಿಗಳ ಇನ್ನೊಂದು ತುದಿ ಕೂರುವ ಭಾಗ) ತಂತಿಯ ಉದ್ದ 34 ಅಂಗುಲ, ಅಂದರೆ ಸುಮಾರು 864 ಮಿಲಿಮೀಟರ್. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಕೊಡಿಸುವುದಾದರೆ 30 ಅಂಗುಲದ ಶಾರ್ಟ್ ಸ್ಕೇಲ್ ಬೇಸ್ ಕೇಳಿ.

ಹಣದ ಲೆಕ್ಕವನ್ನು ವಾದ್ಯಕ್ಕೆ ಮಾತ್ರ ಹಾಕಬೇಡಿ. ಯಮಾಹಾ, ಐಬನೆಝ್, ಕಾರ್ಟ್, ಸ್ಕ್ವಾಯರ್ ಮುಂತಾದವರ ಆರಂಭಿಕ ಶ್ರೇಣಿಯ ಬೇಸ್‌ಗಳು ಸ್ಥೂಲವಾಗಿ ಹದಿನೈದರಿಂದ ಇಪ್ಪತ್ತೈದು ಸಾವಿರ ರೂಪಾಯಿಗಳ ನಡುವೆ ಸಿಗುತ್ತವೆ. ಅದರ ಜೊತೆಗೆ ಬೇಸ್‌ಗೆಂದೇ ಮಾಡಿದ ಸಣ್ಣ ಆಂಪ್, ಒಳ್ಳೆಯ ಕೇಬಲ್, ಅಗಲವಾದ ಸ್ಟ್ರ್ಯಾಪ್, ಟ್ಯೂನರ್ ಮತ್ತು ದಪ್ಪ ಸ್ಪಂಜಿನ ಚೀಲ ಬೇಕಾಗುತ್ತವೆ. ಮನೆಯ ಹೋಮ್ ಥಿಯೇಟರ್‌ಗೆ ಜೋಡಿಸಿ ನುಡಿಸುತ್ತೇನೆ ಎನ್ನುವವರು ಸ್ಪೀಕರಿನ ಕೋನ್ ಹರಿಯುವ ಅಪಾಯವನ್ನು ಮೊದಲೇ ತಿಳಿದಿರಬೇಕು.

ಅಂಗಡಿಗೆ ಒಯ್ಯಬೇಕಾದ ಸಾಮಾನು

ಮೊಬೈಲಿನಲ್ಲಿ ಒಂದು ಟ್ಯೂನರ್ ಆ್ಯಪ್, ಅರ್ಧ ಮಿಲಿಮೀಟರಿನ ಗೆರೆಗಳಿರುವ ಸ್ಟೀಲ್ ಸ್ಕೇಲ್ ಮತ್ತು ಒಂದು ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಗೊಂಚಲು) ಇಷ್ಟಿದ್ದರೆ ಸಾಕು. ಬೆಳಗಾವಿಯವರಿಗೆ ಫೀಲರ್ ಗೇಜ್ ಏನೆಂದು ವಿವರಿಸಬೇಕಾದ್ದಿಲ್ಲ. ಉದ್ಯಮಬಾಗದ ಮಷಿನ್ ಶಾಪ್‌ಗಳಲ್ಲಿ ದುಡಿಯುವವರು ಪ್ರತಿ ಓಣಿಯಲ್ಲಿದ್ದಾರೆ, ಬೈಕಿನ ಟ್ಯಾಪೆಟ್ ಸೆಟ್ ಮಾಡುವ ಮೆಕ್ಯಾನಿಕ್‌ಗಳ ಹತ್ತಿರವೂ ಅದಿರುತ್ತದೆ. ಸಿಗದಿದ್ದರೆ ಸ್ವಲ್ಪ ದಪ್ಪನೆಯ ವಿಸಿಟಿಂಗ್ ಕಾರ್ಡ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಅದರ ದಪ್ಪ ಸರಿಸುಮಾರು ನಮಗೆ ಬೇಕಾದಷ್ಟೇ ಇರುತ್ತದೆ. ಸಂಜೆಯ ಗದ್ದಲದ ಹೊತ್ತಿಗಿಂತ ಮಧ್ಯಾಹ್ನ ಹೋಗುವುದು ಉತ್ತಮ, ಯಾಕೆಂದರೆ ಕೆಳಗೆ ಹೇಳಿದ್ದನ್ನೆಲ್ಲ ಮಾಡಲು ಒಂದು ಗಂಟೆಯಾದರೂ ಬೇಕು ಮತ್ತು ಅದರಲ್ಲಿ ಅರ್ಧ ಹೊತ್ತು ನಿಶ್ಶಬ್ದ ಬೇಕು.

ನೆಕ್

ವಾದ್ಯವನ್ನು ಕೈಗೆತ್ತಿಕೊಂಡು ಮೊದಲು ಟ್ಯೂನರ್ ನೋಡಿ ನಾಲ್ಕೂ ತಂತಿಗಳನ್ನು ಸರಿಯಾದ ಶ್ರುತಿಗೆ ತನ್ನಿ. ಇದನ್ನು ಬಿಟ್ಟು ನೆಕ್ ನೋಡುವುದು ವ್ಯರ್ಥ. ನಾಲ್ಕು ತಂತಿಗಳೂ ಸೇರಿ 70 ಕಿಲೋಗೂ ಹೆಚ್ಚಿನ ಬಲದಿಂದ ನೆಕ್ಕನ್ನು ಮುಂದಕ್ಕೆ ಎಳೆಯುತ್ತಿರುತ್ತವೆ. ಅಂಗಡಿಯಲ್ಲಿ ತಂತಿ ಸಡಿಲಿಸಿ ತೂಗುಹಾಕಿದ ವಾದ್ಯದ ನೆಕ್ ಇರುವ ರೀತಿಗೂ ಶ್ರುತಿಗೆ ಬಂದಾಗ ಇರುವ ರೀತಿಗೂ ವ್ಯತ್ಯಾಸವಿರುತ್ತದೆ.

ಶ್ರುತಿ ಕೂಡಿದ ಮೇಲೆ ವಾದ್ಯದ ಬುಡವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಬ್ರಿಡ್ಜ್ ಕಡೆಯಿಂದ ಹೆಡ್‌ಸ್ಟಾಕ್ ಕಡೆಗೆ ನೋಡಿ. ಬಾಡಿಯ ಹತ್ತಿರದ ಕೊನೆಯ ಫ್ರೆಟ್ ಮತ್ತು ನಟ್‌ನ ಪಕ್ಕದ ಮೊದಲ ಫ್ರೆಟ್ ಎರಡೂ ಒಂದಕ್ಕೊಂದು ಸಮಾಂತರವಾಗಿ ಕಾಣಬೇಕು. ಒಂದು ಎಡಕ್ಕೆ ವಾಲಿ ಇನ್ನೊಂದು ಬಲಕ್ಕೆ ವಾಲಿದ್ದರೆ ನೆಕ್ ತಿರುಚಿದೆ ಎಂದರ್ಥ. ಅಲ್ಲಿಗೆ ಆ ವಾದ್ಯದ ವಿಚಾರಣೆ ಮುಗಿಯಿತು. ಎಷ್ಟೇ ರಿಯಾಯಿತಿ ಕೊಟ್ಟರೂ ಅದನ್ನು ಕೆಳಗಿಡಿ. ಇದೇ ನೋಟದಲ್ಲಿ ಇನ್ನೊಂದನ್ನೂ ಗಮನಿಸಬಹುದು: ಇ ತಂತಿಯಿಂದ ನೆಕ್‌ನ ಮೇಲಂಚಿಗೆ ಇರುವ ಅಂತರ ಮತ್ತು ಜಿ ತಂತಿಯಿಂದ ಕೆಳಂಚಿಗೆ ಇರುವ ಅಂತರ ಕೊನೆಯವರೆಗೂ ಸಮವಾಗಿರಬೇಕು. ಜಿ ತಂತಿ ಅಂಚಿಗೆ ಜಾರುವಂತಿದ್ದರೆ ನೆಕ್ ಕೂರಿಸಿದ ಗುಂಡಿ ಸರಿಯಾಗಿಲ್ಲ ಅಥವಾ ಬ್ರಿಡ್ಜ್ ಪಕ್ಕಕ್ಕೆ ಸರಿದಿದೆ.

ಅನಂತರ ಬಾಗು. ನೆಕ್ ಪೂರ್ತಿ ನೇರವಾಗಿರಬಾರದು, ಕಂಪಿಸುವ ತಂತಿಗೆ ಜಾಗ ಬಿಡುವಂತೆ ಅತಿ ಸ್ವಲ್ಪ ಮುಂದಕ್ಕೆ ಬಾಗಿರಬೇಕು. ಎಡಗೈಯಿಂದ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒತ್ತಿ, ಬಲಗೈಯ ಮೊಣಕೈ ಅಥವಾ ಕಿರುಬೆರಳಿನಿಂದ ನೆಕ್ ಬಾಡಿಗೆ ಸೇರುವಲ್ಲಿನ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮ್ಮ ನೇರ ಪಟ್ಟಿ. ಏಳನೆಯ, ಎಂಟನೆಯ ಫ್ರೆಟ್‌ಗಳ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.3 ಮಿಲಿಮೀಟರ್ ಸಂದು ಇರಬೇಕು. ಫೀಲರ್ ಗೇಜ್‌ನ ಆ ಎಲೆ, ಇಲ್ಲವೇ ವಿಸಿಟಿಂಗ್ ಕಾರ್ಡ್ ತಂತಿಯನ್ನು ಎತ್ತದೆ ಮೆಲ್ಲಗೆ ಸವರಿಕೊಂಡು ಹೋಗಬೇಕು. ಏಳನೆಯ ಫ್ರೆಟ್ ಮೇಲೆ ಬೆರಳಿಂದ ಸಣ್ಣಗೆ ತಟ್ಟಿದಾಗ ಟಿಕ್ ಎಂಬ ಸದ್ದು ಬಂದರೆ ಸಂದು ಇದೆ. ಸದ್ದೇ ಬಾರದೆ ತಂತಿ ಫ್ರೆಟ್‌ಗೆ ಅಂಟಿಕೊಂಡಿದ್ದರೆ ನೆಕ್ ಹಿಂದಕ್ಕೆ ಬಾಗಿದೆ. ಸಂದು ಒಂದು ಮಿಲಿಮೀಟರಿನ ಹತ್ತಿರ ಹೋದರೆ ಮುಂದಕ್ಕೆ ಅತಿಯಾಗಿ ಬಾಗಿದೆ.

ಬಾಗು ಹೆಚ್ಚುಕಡಿಮೆ ಇದ್ದ ಮಾತ್ರಕ್ಕೆ ವಾದ್ಯವನ್ನು ತಿರಸ್ಕರಿಸಬೇಡಿ. ನೆಕ್‌ನ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿರುತ್ತದೆ, ಅದರ ತುದಿಯ ತಿರುಪು ನಟ್ಟನ್ನು (ತಂತಿ ಕೂರುವ ನಟ್ ಅಲ್ಲ) ಎಲ್ ಕೀಯಿಂದ ಬಲಕ್ಕೆ ತಿರುಗಿಸಿದರೆ ಮುಂದಿನ ಬಾಗು ಕಡಿಮೆಯಾಗುತ್ತದೆ, ಎಡಕ್ಕೆ ತಿರುಗಿಸಿದರೆ ಹೆಚ್ಚುತ್ತದೆ. ಅಂಗಡಿಯವರಿಗೆ ನಿಮ್ಮ ಮುಂದೆಯೇ ಕಾಲು ಸುತ್ತು ತಿರುಗಿಸಿ ತೋರಿಸಲು ವಿನಂತಿಸಿ. ಮತ್ತೆ ಶ್ರುತಿ ಮಾಡಿ ಸಂದನ್ನು ಅಳೆದಾಗ ಬದಲಾವಣೆ ಕಂಡರೆ ರಾಡ್ ಜೀವಂತವಾಗಿದೆ. ರಾಡಿನ ನಟ್ ಈಗಾಗಲೇ ಪೂರ್ತಿ ಬಿಗಿಯಾಗಿದ್ದು ನೆಕ್ ಇನ್ನೂ ಮುಂದಕ್ಕೆ ಬಾಗಿಯೇ ಇದ್ದರೆ, ಅಥವಾ ನಟ್ ಎತ್ತ ತಿರುಗಿಸಿದರೂ ಏನೂ ಆಗದಿದ್ದರೆ, ಆ ವಾದ್ಯ ಬೇಡ. ಅಂಗಡಿಯವರು ರಾಡ್ ಮುಟ್ಟಲು ಒಪ್ಪದಿದ್ದರೆ, ಸಂದು ಮೊದಲೇ ಸರಿಯಾಗಿರುವ ಇನ್ನೊಂದು ವಾದ್ಯವನ್ನು ಆರಿಸಿಕೊಳ್ಳುವುದು ಕ್ಷೇಮ.

ಫ್ರೆಟ್‌ಗಳು

ಅಂಗೈಯನ್ನು ನೆಕ್‌ನ ಎರಡೂ ಅಂಚುಗಳ ಉದ್ದಕ್ಕೆ ನಿಧಾನವಾಗಿ ಸವರಿ. ಫ್ರೆಟ್‌ನ ತುದಿಗಳು ಗರಗಸದ ಹಲ್ಲಿನಂತೆ ಕೈಗೆ ಚುಚ್ಚಿದರೆ, ಫ್ರೆಟ್‌ಬೋರ್ಡಿನ ಮರ ಒಣಗಿ ಕುಗ್ಗಿದೆ, ಲೋಹ ಕುಗ್ಗದೆ ಹೊರಗೆ ಉಳಿದಿದೆ ಎಂದು ತಿಳಿಯಬೇಕು. ತೇವವಿರುವ ದೇಶದಲ್ಲಿ ತಯಾರಾದ ವಾದ್ಯ ವಿಜಯಪುರದ ಏಪ್ರಿಲ್ ಬಿಸಿಲಿಗೆ ಬಂದಾಗ ಇದು ಸಹಜವಾಗಿ ಆಗುವಂಥದ್ದು. ಸಣ್ಣ ಪ್ರಮಾಣದಲ್ಲಿದ್ದರೆ ನಯವಾದ ಅರದಿಂದ ಉಜ್ಜಿಸಬಹುದು. ಫ್ರೆಟ್ ತಾನೇ ಮೇಲೆದ್ದಿದ್ದರೆ ಅದು ಬೇರೆ ಮಾತು.

ಮೇಲೆದ್ದ ಫ್ರೆಟ್ಟನ್ನು ಹಿಡಿಯಲು ಕಿವಿಯೇ ಸಾಕು. ಆಂಪ್‌ಗೆ ಜೋಡಿಸದೆ, ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ಒಂದೊಂದಾಗಿ, ಒಂದೇ ಬಲದಿಂದ ನುಡಿಸುತ್ತಾ ಹೋಗಿ. ಇಪ್ಪತ್ತು ಫ್ರೆಟ್‌ಗಳಾದರೆ ಎಂಬತ್ತು ಸ್ವರಗಳು. ಬೇಸರಪಡದೆ ಎಲ್ಲವನ್ನೂ ಕೇಳಿ. ನಮ್ಮ ಕಡೆಯ ಕಿವಿಗಳು ತಂಬೂರಿಯ ಜವಾರಿಗೆ ಪಳಗಿದವು. ಜವಾರಿಯಲ್ಲಿ ತಂತಿ ಕುದುರೆಯನ್ನು ಸವರಿ ನಾದ ಅರಳುತ್ತದೆ, ಆ ಅರಳುವಿಕೆ ತುಸು ಹೊತ್ತು ಬೆಳೆಯುತ್ತದೆ. ಎದ್ದ ಫ್ರೆಟ್‌ಗೆ ತಂತಿ ಬಡಿದಾಗ ಬರುವ ಝರ್ ಎಂಬ ಸದ್ದಾದರೋ ನಾದವನ್ನು ಕತ್ತರಿಸಿ ಬೇಗ ಸಾಯಿಸುತ್ತದೆ. ಈ ಎರಡರ ವ್ಯತ್ಯಾಸ ಬಲ್ಲವರಿಗೆ ದೋಷ ತಕ್ಷಣ ತಿಳಿಯುತ್ತದೆ. ಎಲ್ಲ ಫ್ರೆಟ್‌ಗಳಲ್ಲೂ ಸ್ವಲ್ಪ ಝರ್ ಎಂದರೆ ತಂತಿ ತೀರ ಕೆಳಗಿದೆ ಅಷ್ಟೇ, ಬ್ರಿಡ್ಜ್‌ನ ಸ್ಕ್ರೂ ತಿರುಗಿಸಿದರೆ ಹೋಗುತ್ತದೆ. ಒಂದು ಸ್ವರ ಮಾತ್ರ ಝರ್ ಎಂದರೆ, ಅಥವಾ ಒಂದು ಫ್ರೆಟ್ ಒತ್ತಿದಾಗ ಮುಂದಿನ ಫ್ರೆಟ್‌ನ ಸ್ವರವೇ ಕೇಳಿಸಿದರೆ, ಮುಂದಿನ ಫ್ರೆಟ್ ಎದ್ದಿದೆ. ಹೊಸ ವಾದ್ಯದಲ್ಲಿ ಅಂಥ ಒಂದು ಫ್ರೆಟ್ಟನ್ನೂ ಒಪ್ಪಿಕೊಳ್ಳಬಾರದು.

ಇದೇ ಸುತ್ತಿನಲ್ಲಿ ಜಿ ತಂತಿಯ ಐದರಿಂದ ಏಳನೆಯ ಫ್ರೆಟ್‌ಗಳ ಮೇಲೆ ವಿಶೇಷ ಗಮನವಿರಲಿ. ಬಹಳಷ್ಟು ಬೇಸ್‌ಗಳಲ್ಲಿ ಅಲ್ಲೊಂದು ಸ್ವರ ಝರ್ ಎನ್ನದೆಯೂ ಬೇಗನೆ ಉಡುಗಿಹೋಗುತ್ತದೆ. ನೆಕ್ ತನ್ನದೇ ಆದ ಕಂಪನದಲ್ಲಿ ಆ ಸ್ವರದ ಶಕ್ತಿಯನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ದುಬಾರಿ ವಾದ್ಯಗಳಲ್ಲೂ ಇದು ಸ್ವಲ್ಪಮಟ್ಟಿಗೆ ಇರುತ್ತದೆ, ಒಂದೇ ಮಾದರಿಯ ಎರಡು ವಾದ್ಯಗಳಲ್ಲಿ ಬೇರೆಬೇರೆ ಪ್ರಮಾಣದಲ್ಲಿರುತ್ತದೆ. ಆದ್ದರಿಂದಲೇ ಸಾಧ್ಯವಿದ್ದಲ್ಲಿ ಒಂದೇ ಮಾದರಿಯ ಎರಡನ್ನು ಅಕ್ಕಪಕ್ಕ ಇಟ್ಟು ಆ ಸ್ವರಗಳನ್ನು ಹೋಲಿಸಿ ಆರಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ನಟ್, ಬ್ರಿಡ್ಜ್ ಮತ್ತು ಶ್ರುತಿಶುದ್ಧಿ

ಮೂರನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಮೊದಲ ಫ್ರೆಟ್ ಮೇಲಿನ ಸಂದನ್ನು ನೋಡಿ. ಅದು ಕೂದಲೆಳೆಯಷ್ಟಿದ್ದರೆ ನಟ್ ಸರಿಯಾಗಿದೆ. ಹೆಚ್ಚಿದ್ದರೆ ಮೊದಲ ಎರಡು ಫ್ರೆಟ್‌ಗಳ ಸ್ವರಗಳು ತುಸು ಏರಿ ನುಡಿಯುತ್ತವೆ, ಬೆರಳೂ ಬೇಗ ಸೋಲುತ್ತದೆ. ಹನ್ನೆರಡನೆಯ ಫ್ರೆಟ್‌ನಲ್ಲಿ ಸ್ಟೀಲ್ ಸ್ಕೇಲ್ ನಿಲ್ಲಿಸಿ ತಂತಿಯ ಎತ್ತರ ಅಳೆಯಿರಿ; ಇ ತಂತಿ ಸುಮಾರು 2.5, ಜಿ ತಂತಿ ಸುಮಾರು 2 ಮಿಲಿಮೀಟರ್ ಇದ್ದರೆ ನುಡಿಸಲು ಹದವಾಗಿರುತ್ತದೆ. ಎತ್ತರ ಹೆಚ್ಚಿದ್ದರೆ ಒಂದೊಂದು ತಂತಿಯನ್ನೂ ಹೊತ್ತ ಬ್ರಿಡ್ಜ್‌ನ ಸ್ಯಾಡಲ್‌ಗಳನ್ನು ಇಳಿಸಬಹುದು, ಆದರೆ ಅವು ಈಗಾಗಲೇ ತಳಕ್ಕೆ ತಾಗಿದ್ದರೆ ನೆಕ್ ಕೂತ ಕೋನವೇ ತಪ್ಪಾಗಿದೆ.

ಈಗ ಟ್ಯೂನರ್. ಹನ್ನೆರಡನೆಯ ಫ್ರೆಟ್‌ನ ನೇರ ಮೇಲೆ ತಂತಿಯನ್ನು ಒತ್ತದೆ ಮುಟ್ಟಿ ಹಾರ್ಮೋನಿಕ್ ಎಂಬ ತೆಳು ಸ್ವರ ನುಡಿಸಿ, ಬಳಿಕ ಅದೇ ಫ್ರೆಟ್ಟನ್ನು ಒತ್ತಿ ನುಡಿಸಿ. ಎರಡೂ ಒಂದೇ ಕಡೆ ಮುಳ್ಳು ನಿಲ್ಲಿಸಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ ಎಳೆಯಬೇಕು, ಇಳಿದಿದ್ದರೆ ಮುಂದಕ್ಕೆ ತರಬೇಕು. ಇಲ್ಲಿಯೂ ಪ್ರಶ್ನೆ ಒಂದೇ: ಸ್ಯಾಡಲ್ ಸರಿಯಲು ಇನ್ನೂ ಜಾಗವಿದೆಯೇ? ಸ್ಪ್ರಿಂಗ್ ಪೂರ್ತಿ ಅಮುಕಿಹೋಗಿ ಸ್ಯಾಡಲ್ ಕೊನೆ ಮುಟ್ಟಿದ್ದರೂ ಸ್ವರ ಏರಿಯೇ ಇದ್ದರೆ ಬ್ರಿಡ್ಜ್ ಕೂರಿಸಿದ ಜಾಗವೇ ತಪ್ಪಿದೆ. ಈ ಪರೀಕ್ಷೆಯ ಮುನ್ನ ಹಳೆಯ, ತುಕ್ಕು ಹಿಡಿದ ತಂತಿಗಳಿದ್ದರೆ ಬದಲಿಸಲು ಕೇಳಿ, ಏಕೆಂದರೆ ಸತ್ತ ತಂತಿ ಎಲ್ಲೂ ಶುದ್ಧವಾಗಿ ನುಡಿಯುವುದಿಲ್ಲ. ಟ್ಯೂನಿಂಗ್ ಕೀಗಳನ್ನು ತಿರುಗಿಸುವಾಗ ಎಲ್ಲಿಯೂ ಸಡಿಲ ತಿರುವು ಇರಬಾರದು, ನಟ್‌ನ ಬಳಿ ಟಿಣ್ ಎಂದು ತಂತಿ ಜಿಗಿಯಬಾರದು.

ವಿದ್ಯುತ್ ಭಾಗ

ಇಷ್ಟೆಲ್ಲ ಸರಿಯಿದೆ ಎಂದಾದ ಮೇಲೆಯೇ ಆಂಪ್‌ಗೆ ಜೋಡಿಸಿ. ಎಲ್ಲ ಗುಂಡಿಗಳನ್ನು ಸೊನ್ನೆಯಿಂದ ಪೂರ್ತಿಯವರೆಗೆ ತಿರುಗಿಸಿ ಕರಕರ ಕೇಳಿಸುವುದೇ ನೋಡಿ. ಕೇಬಲ್ಲಿನ ತುದಿಯನ್ನು ಜಾಕ್‌ನಲ್ಲಿ ಮೆಲ್ಲಗೆ ಅಲುಗಿಸಿ ಸದ್ದು ಕಡಿಯುವುದೇ ನೋಡಿ. ನಾಲ್ಕು ತಂತಿಗಳೂ ಸಮಾನ ಗಟ್ಟಿತನದಲ್ಲಿ ಕೇಳಿಸುತ್ತವೆಯೇ ನೋಡಿ. ಜಾಝ್ ಮಾದರಿಯಲ್ಲಿ ಒಂದೇ ಪಿಕಪ್ ತೆರೆದಾಗ ಗುಂಯ್ ಎಂಬ ಹಮ್ ಬರುವುದು ದೋಷವಲ್ಲ. ಎರಡನ್ನೂ ಪೂರ್ತಿ ತೆರೆದಾಗ ಅದು ಅಡಗಬೇಕು. ತಂತಿ ಮುಟ್ಟಿದಾಗ ಹಮ್ ಕಡಿಮೆಯಾದರೆ ಒಳಗಿನ ಅರ್ಥಿಂಗ್ ವೈರ್ ಸರಿಯಾಗಿದೆ, ಮುಟ್ಟಿದಾಗ ಹೆಚ್ಚಿದರೆ ವೈರಿಂಗ್ ಪರೀಕ್ಷಿಸಬೇಕು. ತಂತಿ ಮುಟ್ಟಿದಾಗ ಬೆರಳು ಜುಮ್ ಎಂದರೆ ಆ ಕ್ಷಣವೇ ಸ್ವಿಚ್ ಆರಿಸಿ. ಅದು ಬಹುಮಟ್ಟಿಗೆ ಆಂಪ್‌ನ ಅಥವಾ ಕಟ್ಟಡದ ಅರ್ಥಿಂಗ್ ದೋಷ, ಪ್ರಾಣಾಪಾಯದ ಸಂಗತಿ. ಜನರೇಟರ್ ಮೇಲೆ ನಡೆಯುವ ಪೆಂಡಾಲ್ ಕಾರ್ಯಕ್ರಮಗಳಲ್ಲಿ ನುಡಿಸುವವರು ಇದನ್ನು ಎಂದಿಗೂ ಹಗುರವಾಗಿ ತೆಗೆದುಕೊಳ್ಳಬಾರದು.

ಆ್ಯಕ್ಟಿವ್ ಬೇಸ್ (ಒಳಗೇ ನಾದ ಹದಗೊಳಿಸುವ ಸರ್ಕ್ಯೂಟ್ ಇರುವಂಥದ್ದು) ಆದರೆ ಒಳಗೆ 9 ವೋಲ್ಟ್ ಬ್ಯಾಟರಿ ಇರುತ್ತದೆ. ಕೇಬಲ್ ಚುಚ್ಚಿಟ್ಟಿರುವಷ್ಟು ಹೊತ್ತೂ ಅದು ಖರ್ಚಾಗುತ್ತಲೇ ಇರುತ್ತದೆ. ಬ್ಯಾಟರಿ ಇಲ್ಲದೆಯೂ ನುಡಿಯುವಂತೆ ಪ್ಯಾಸಿವ್ ಸ್ವಿಚ್ ಇರುವುದನ್ನು ಆರಿಸಿಕೊಂಡರೆ ರಾತ್ರಿ ಕಾರ್ಯಕ್ರಮದ ನಡುವೆ ಪರದಾಡುವುದು ತಪ್ಪುತ್ತದೆ.

ತೂಕ ಮತ್ತು ಮರ

ಸ್ಟ್ರ್ಯಾಪ್ ಹಾಕಿ ನಿಂತುಕೊಂಡು ಎರಡೂ ಕೈ ಬಿಡಿ. ಹೆಡ್‌ಸ್ಟಾಕ್ ನೆಲದ ಕಡೆ ವಾಲುವ ವಾದ್ಯವನ್ನು ಮೂರು ತಾಸಿನ ರಸಮಂಜರಿಯಲ್ಲಿ ಎಡಗೈಯಿಂದ ಎತ್ತಿ ಹಿಡಿದೇ ನುಡಿಸಬೇಕಾಗುತ್ತದೆ. ನಾಲ್ಕು ಕಿಲೋ ಆಸುಪಾಸಿನ ತೂಕ ಸಾಮಾನ್ಯ, ಅದಕ್ಕಿಂತ ಬಹಳ ಹೆಚ್ಚಿದ್ದರೆ ಭುಜ ದೂರು ಹೇಳುತ್ತದೆ.

ಬಾಡಿಯ ಮರ ಯಾವುದು ಎಂಬ ಚರ್ಚೆಗೆ ಈ ಬೆಲೆಯಲ್ಲಿ ಹೆಚ್ಚಿನ ಅರ್ಥವಿಲ್ಲ. ಪಾಪ್ಲರ್ ಆಗಲಿ ಬಾಸ್‌ವುಡ್ ಆಗಲಿ, ನೆಕ್ ಸರಿಯಿದ್ದರೆ ಎರಡೂ ಚೆನ್ನಾಗಿ ನುಡಿಯುತ್ತವೆ. ಫ್ರೆಟ್‌ಬೋರ್ಡಿನ ಬಗ್ಗೆ ಮಾತ್ರ ಒಂದು ಮಾತು ಹೇಳಬೇಕೆನಿಸುತ್ತದೆ. ಪ್ರಪಂಚದಾದ್ಯಂತ ಗಿಟಾರುಗಳಿಗೆ ಬಳಸುವ ಇಂಡಿಯನ್ ರೋಸ್‌ವುಡ್ ಎಂದರೆ ನಮ್ಮ ಪಶ್ಚಿಮ ಘಟ್ಟದ ಬೀಟೆ ಮರವೇ. ಈ ಜಾತಿಯ ಮರಗಳ ವ್ಯಾಪಾರಕ್ಕೆ 2017ರಲ್ಲಿ ಅಂತಾರಾಷ್ಟ್ರೀಯ ನಿರ್ಬಂಧ ಬಂದ ಮೇಲೆ ಕಂಪನಿಗಳು ಲಾರೆಲ್, ಜಟೋಬಾ ಮುಂತಾದ ಮರಗಳತ್ತ ಹೊರಳಿದವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತರೂ ಅಗ್ಗದ ಶ್ರೇಣಿಯಲ್ಲಿ ಆ ಬದಲಿ ಮರಗಳೇ ಉಳಿದುಕೊಂಡಿವೆ. ಅವು ಕೀಳಲ್ಲ. ಮರ ಒಣಕಲಾಗಿ ಬೂದುಬಣ್ಣಕ್ಕೆ ತಿರುಗಿರದಿದ್ದರೆ, ಬಿರುಕಿಲ್ಲದಿದ್ದರೆ ಸಾಕು.

ಆನ್‌ಲೈನ್‌ನಲ್ಲಿ ತರಿಸುವುದಾದರೆ

ಜಮಖಂಡಿ, ಇಂಡಿ, ಅಥಣಿಯಂಥ ಊರುಗಳವರಿಗೆ ಅಂಗಡಿಯಲ್ಲಿ ಎರಡು ಬೇಸ್ ಹೋಲಿಸಿ ನೋಡುವ ಅವಕಾಶ ಕಡಿಮೆ, ಆನ್‌ಲೈನ್ ಖರೀದಿ ಅನಿವಾರ್ಯವಾಗಬಹುದು. ಹಾಗಿದ್ದಲ್ಲಿ ಹಣ ಕಟ್ಟುವ ಮುನ್ನ ವಾಪಸು ಮಾಡುವ ಅವಧಿ ಎಷ್ಟು ದಿನ, ವಾಪಸು ಕಳಿಸುವ ಸಾಗಣೆ ವೆಚ್ಚ ಯಾರದು ಎಂಬುದನ್ನು ಬರಹದಲ್ಲಿ ಪಡೆಯಿರಿ. ಮಾರುವವರು ಆ ಕಂಪನಿಯ ಅಧಿಕೃತ ವಿತರಕರೇ ಎಂದು ಕಂಪನಿಯ ಜಾಲತಾಣದಲ್ಲಿ ಖಾತ್ರಿ ಮಾಡಿಕೊಳ್ಳಿ, ಯಾಕೆಂದರೆ ಪ್ರಸಿದ್ಧ ಹೆಸರಿನ ಸ್ಟಿಕ್ಕರ್ ಹಚ್ಚಿದ ನಕಲಿ ವಾದ್ಯಗಳೂ ಇವೆ. ಪೆಟ್ಟಿಗೆ ಬಂದಾಗ ಬಿಚ್ಚುವುದನ್ನು ಆರಂಭದಿಂದ ವಿಡಿಯೋ ಮಾಡಿ, ಸೀರಿಯಲ್ ನಂಬರ್ ಬಿಲ್ಲಿನೊಂದಿಗೆ ತಾಳೆ ನೋಡಿ, ಒಂದು ದಿನ ವಾದ್ಯವನ್ನು ಮನೆಯ ಹವೆಗೆ ಹೊಂದಿಕೊಳ್ಳಲು ಬಿಟ್ಟು ಮರುದಿನವೇ ಮೇಲಿನ ಪರೀಕ್ಷೆಗಳನ್ನೆಲ್ಲ ಮಾಡಿ.

ಮೊದಲ ವರ್ಷ

ಬೆಳಗಾವಿಯ ಜುಲೈ ತಿಂಗಳ ಬಿಡದ ಜಿಟಿಜಿಟಿಯಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಮಾರ್ಚ್‌ನಿಂದ ಮೇವರೆಗಿನ ಒಣ ಹವೆಯಲ್ಲಿ ಕುಗ್ಗುತ್ತದೆ. ಎರಡೂ ಹೊತ್ತಿನಲ್ಲಿ ನೆಕ್‌ನ ಬಾಗು ಬದಲಾಗುತ್ತದೆ. ಬೇಸಿಗೆಯಲ್ಲಿ ಕೊಂಡ ವಾದ್ಯ ಮಳೆಗಾಲದಲ್ಲಿ ಬಿಗಿಯೆನಿಸಿದರೆ ಗಾಬರಿಯಾಗದೆ ಸಂದನ್ನು ಮತ್ತೆ ಅಳೆದು, ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ ಸರಿಪಡಿಸಿಕೊಳ್ಳಿ. ಮಳೆಗಾಲದಲ್ಲಿ ವಾದ್ಯವನ್ನು ಹೊರಗೋಡೆಗೆ ಆನಿಸದೆ ಸಿಲಿಕಾ ಜೆಲ್ ಚೀಟಿಗಳಿರುವ ಚೀಲದಲ್ಲಿಡಿ, ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ನುಡಿಸಿದ ಮೇಲೆ ತಂತಿಗಳನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿದರೆ ತುಕ್ಕು ನಿಧಾನವಾಗುತ್ತದೆ. ಮೊದಲ ಅಳತೆಗಳನ್ನು, ಅಂದರೆ ಏಳನೆಯ ಫ್ರೆಟ್‌ನ ಸಂದು ಮತ್ತು ಹನ್ನೆರಡನೆಯ ಫ್ರೆಟ್‌ನ ಎತ್ತರಗಳನ್ನು, ಕೊಂಡ ದಿನವೇ ಬಿಲ್ಲಿನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ. ವಾರಂಟಿ ಅವಧಿಯೊಳಗೆ ನೆಕ್ ಕೆಟ್ಟರೆ ಅಂಗಡಿಯವರ ಮುಂದೆ ಇಡಲು ಆ ಅಂಕಿಗಳು ಬೇಕಾಗುತ್ತವೆ.